ಒಂದು ಮೀಟರಿಗೆ ಹತ್ತು ಗುಂಟೆ: ಕಾಡುರಸ್ತೆಯ ಅಗಲವನ್ನು ಅಳೆಯುವವರು ಯಾರು?

ಕಾಡಿನಲ್ಲಿ ರಸ್ತೆ ಮಾಡುವವರ ಕಡತದಲ್ಲಿ ಎಂದೂ ಮರೆಯದೆ ದಾಖಲಾಗುವ ಸಂಖ್ಯೆಯೊಂದಿದೆ. ಅದು ರಸ್ತೆಯ ಉದ್ದ. ಇಂಥ ಊರಿನಿಂದ ಇಂಥ ಊರಿಗೆ ಇಷ್ಟು ಕಿಲೋಮೀಟರ್ ಎಂಬುದು ಟೆಂಡರಿನಲ್ಲಿರುತ್ತದೆ, ಶಂಕುಸ್ಥಾಪನೆಯ ಕಲ್ಲಿನ ಮೇಲಿರುತ್ತದೆ, ಉದ್ಘಾಟನೆಯ ಭಾಷಣದಲ್ಲಿರುತ್ತದೆ. ಅಗಲದ ಮಾತು ಬಂದಾಗ ಮಾತ್ರ ಎಲ್ಲರ ದನಿ ಸಣ್ಣದಾಗುತ್ತದೆ. ಅಂದಾಜು ಪಟ್ಟಿಯಲ್ಲಿ ಅಗಲದ ಅಂಕಿಯೂ ಒಂದಿರುತ್ತದೆ, ನಿಜ. ಆದರೆ ಅದು ವಾಹನ ಓಡುವ ಪಟ್ಟಿಯ ಅಗಲ. ಆ ಪಟ್ಟಿಗೆ ಜಾಗ ಮಾಡಲು ಮೇಲ್ಗಡೆ ಎಷ್ಟು ಧರೆ ಕಡಿಯಲಾಯಿತು, ಕಡಿದ ಮಣ್ಣು ಕೆಳಗೆ ಎಷ್ಟು ದೂರ ಹರಡಿತು, ಜೆಸಿಬಿ ತಿರುಗಿಸಲು ಎಷ್ಟು ಕಡೆ ಕಾಡು ಬಯಲಾಯಿತು ಎಂಬುದನ್ನು ಕೆಲಸ ಮುಗಿದ ಮೇಲೆ ಅಳೆದು ಊರಿನ ಮುಂದಿಟ್ಟ ಉದಾಹರಣೆಯನ್ನು ಮಲೆನಾಡಿನಲ್ಲಿ ದೀಪ ಹಿಡಿದು ಹುಡುಕಬೇಕು.

ಕಾಡು ನಷ್ಟವಾಗುವುದು ಈ ಅಗಲದಲ್ಲಿ. ಇದರ ಲೆಕ್ಕವನ್ನು ನಾಲ್ಕನೆಯ ತರಗತಿಯ ಮಗುವೂ ಮಾಡಬಲ್ಲದು. ಒಂದು ಕಿಲೋಮೀಟರ್ ರಸ್ತೆ ಒಂದೇ ಒಂದು ಮೀಟರ್ ಹೆಚ್ಚು ಅಗಲವಾದರೆ ಸಾವಿರ ಚದರ ಮೀಟರ್ ನೆಲ ಹೋಯಿತು. ಒಂದು ಗುಂಟೆಯೆಂದರೆ ಸುಮಾರು 101 ಚದರ ಮೀಟರ್. ಅಂದರೆ ಕಿಲೋಮೀಟರಿಗೊಂದು ಮೀಟರ್ ಹೆಚ್ಚಾದರೆ ಹತ್ತಿರ ಹತ್ತಿರ ಹತ್ತು ಗುಂಟೆ ಕಾಡು ಹೋಗುತ್ತದೆ. ನಾಲ್ಕು ಮೀಟರ್ ಹೆಚ್ಚಾದರೆ ಒಂದು ಎಕರೆ. ಹತ್ತು ಗುಂಟೆ ಸೊಪ್ಪಿನಬೆಟ್ಟಕ್ಕಾಗಿ ಅಣ್ಣತಮ್ಮಂದಿರು ಕೋರ್ಟು ಮೆಟ್ಟಿಲೇರುವ ಸೀಮೆಯಲ್ಲಿ, ಹತ್ತು ಕಿಲೋಮೀಟರ್ ರಸ್ತೆಯ ಆಸುಪಾಸಿನಲ್ಲಿ ಹತ್ತು ಎಕರೆ ಕಾಡು ಕಾಣೆಯಾದರೆ ಕೇಳುವವರಿಲ್ಲ. ಕಾರಣ, ಆ ಹತ್ತು ಎಕರೆಯನ್ನು ಯಾರೂ ಅಳೆದಿಲ್ಲ. ಅಳತೆಯಿಲ್ಲದ ನಷ್ಟಕ್ಕೆ ಕಾನೂನಿನ ಕಣ್ಣಿನಲ್ಲಿ ಅಸ್ತಿತ್ವವೇ ಇಲ್ಲ.

ಆದುದರಿಂದ ಕಾಡುರಸ್ತೆಯ ಅಗಲವನ್ನು ಅಳೆಯುವ ಕೆಲಸವನ್ನು ಊರವರು ತಾವೇ ವಹಿಸಿಕೊಳ್ಳಬೇಕು. ಅದಕ್ಕೆ ಬೇಕಾದ ಸಾಧನ ಇಂದು ಕೈಗೆಟುಕುವಷ್ಟು ಅಗ್ಗವಾಗಿದೆ: ಒಂದು ಗಾಳಿಪಟ, ಒಂದು ಹಳೆಯ ಮೊಬೈಲು, ಒಂದು ಅಳತೆ ಟೇಪು.

ಇಳಿಜಾರಿನ ಲೆಕ್ಕ

ಬಯಲುಸೀಮೆಯಲ್ಲಿ ಐದು ಮೀಟರ್ ರಸ್ತೆಗೆ ಹೆಚ್ಚುಕಡಿಮೆ ಐದು ಮೀಟರ್ ನೆಲವೇ ಸಾಕು. ಗುಡ್ಡದಲ್ಲಿ ಹಾಗಲ್ಲ. ಇಳಿಜಾರು 30 ಡಿಗ್ರಿಯಷ್ಟಿದೆ, ರಸ್ತೆಯ ಪೂರ್ತಿ ಅಗಲವನ್ನೂ ಗುಡ್ಡ ಕಡಿದೇ ಮಾಡಲಾಗುತ್ತದೆ, ಕಡಿದ ಧರೆಯನ್ನು 60 ಡಿಗ್ರಿಯಲ್ಲಿ ನಿಲ್ಲಿಸಲಾಗುತ್ತದೆ ಎಂದಿಟ್ಟುಕೊಂಡರೆ ರೇಖಾಗಣಿತ ಹೇಳುವುದಿಷ್ಟು: ಧರೆಯ ಎತ್ತರ 4.3 ಮೀಟರ್ ದಾಟುತ್ತದೆ; ಮೇಲಿನಿಂದ ನೋಡಿದಾಗ ಅದು ಇನ್ನೂ ಎರಡೂವರೆ ಮೀಟರ್ ಕಾಡನ್ನು ನುಂಗಿರುತ್ತದೆ. ಐದು ಮೀಟರಿನ ರಸ್ತೆ ಅಲ್ಲಿಗೆ ಏಳೂವರೆ ಮೀಟರ್ ಆಯಿತು. ರಸ್ತೆಯ ಪ್ರತಿ ಮೀಟರ್ ಉದ್ದಕ್ಕೆ ಹನ್ನೊಂದು ಘನ ಮೀಟರಿಗೆ ಸಮೀಪ ಮಣ್ಣು ಏಳುತ್ತದೆ; ಕಿಲೋಮೀಟರಿಗೆ ಹನ್ನೊಂದು ಸಾವಿರ. ಈ ಮಣ್ಣನ್ನು ಟಿಪ್ಪರಿನಲ್ಲಿ ತುಂಬಿ ದೂರ ಸಾಗಿಸಲು ಹಣ ಬೇಕು. ಕೆಳಕ್ಕೆ ನೂಕಲು ಜೆಸಿಬಿಯ ಒಂದು ತಳ್ಳು ಸಾಕು. ನೂಕಿದ ಮಣ್ಣು ಇಳಿಜಾರಿನಲ್ಲಿ ಐದೇ ಮೀಟರ್ ಹರಡಿತೆಂದರೂ ಒಟ್ಟು ಅಗಲ ಹನ್ನೆರಡೂವರೆ ಮೀಟರ್.

ಇದು ಕೇವಲ ಗಣಿತದ ಚಮತ್ಕಾರವಲ್ಲ, ಕಾನೂನಿನ ಪ್ರಶ್ನೆ. 2006ರ ಅರಣ್ಯ ಹಕ್ಕು ಕಾಯಿದೆಯ 3(2)ನೆಯ ಪ್ರಕರಣವು ಶಾಲೆ, ಅಂಗನವಾಡಿ, ಕುಡಿಯುವ ನೀರು, ರಸ್ತೆ ಮೊದಲಾದ ಹದಿಮೂರು ಸೌಕರ್ಯಗಳಿಗೆ ಅರಣ್ಯಭೂಮಿ ಒದಗಿಸಲು ಸರಳ ದಾರಿ ಮಾಡಿಕೊಟ್ಟಿದೆ. ಅದಕ್ಕೆ ಷರತ್ತುಗಳೂ ಇವೆ: ಪ್ರತಿ ಸೌಕರ್ಯಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಭೂಮಿ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಮತ್ತು ಗ್ರಾಮಸಭೆಯ ಶಿಫಾರಸು. ಈಗ 1.9 ಕಿಲೋಮೀಟರಿನ ರಸ್ತೆಯೊಂದನ್ನು ಕಲ್ಪಿಸಿಕೊಳ್ಳಬಹುದು. ಐದು ಮೀಟರ್ ಅಗಲದ ಲೆಕ್ಕದಲ್ಲಿ ಅದು 0.95 ಹೆಕ್ಟೇರ್, ಮಿತಿಯ ಒಳಗೇ ಇದೆ. ಕಡಿದ ಧರೆಯನ್ನು ಸೇರಿಸಿದರೆ 1.4 ಹೆಕ್ಟೇರ್ ದಾಟುತ್ತದೆ. ನೂಕಿದ ಮಣ್ಣಿನಡಿ ಹೂತ ಕಾಡನ್ನೂ ಸೇರಿಸಿದರೆ ಸುಮಾರು 2.4 ಹೆಕ್ಟೇರ್. ಕಡತದಲ್ಲಿ ಕಾನೂನುಬದ್ಧವಾಗಿರುವ ರಸ್ತೆ ನೆಲದ ಮೇಲೆ ಕಾನೂನು ಮೀರಿರುತ್ತದೆ. ಕಡತವನ್ನು ನೆಲದೊಡನೆ ಹೋಲಿಸಿ ನೋಡುವ ವ್ಯವಸ್ಥೆಯೇ ಇಲ್ಲದಿದ್ದರೆ ಈ ವ್ಯತ್ಯಾಸ ಯಾರಿಗೂ ತಿಳಿಯುವುದಿಲ್ಲ.

2023ರಲ್ಲಿ ಅರಣ್ಯ ಸಂರಕ್ಷಣಾ ಕಾಯಿದೆಗೆ ಬಂದ ತಿದ್ದುಪಡಿ ಈ ಪ್ರಶ್ನೆಯನ್ನು ಇನ್ನಷ್ಟು ಚೂಪಾಗಿಸಿದೆ. ಜನವಸತಿಗೆ ಅಥವಾ ರಸ್ತೆಬದಿಯ ಸೌಕರ್ಯಕ್ಕೆ ದಾರಿ ಒದಗಿಸಲು ಸರಕಾರಿ ರಸ್ತೆ, ರೈಲುಮಾರ್ಗಗಳ ಪಕ್ಕದ ಅರಣ್ಯಭೂಮಿಯಲ್ಲಿ ಪ್ರತಿ ಪ್ರಕರಣಕ್ಕೆ 0.10 ಹೆಕ್ಟೇರ್‌ವರೆಗೆ ಕಾಯಿದೆಯ ಬಿಗಿಯಿಂದ ವಿನಾಯಿತಿ ದೊರೆತಿದೆ. 0.10 ಹೆಕ್ಟೇರ್ ಎಂದರೆ ಅದೇ ಹತ್ತು ಗುಂಟೆ. ಅದು ಹತ್ತೇ ಗುಂಟೆಯಲ್ಲಿ ನಿಂತಿತೆ, ಹದಿನೈದಕ್ಕೆ ಹರಿಯಿತೆ ಎಂಬುದನ್ನು ಅಳೆದು ನೋಡುವವರಿಲ್ಲದ ಕಡೆ ವಿನಾಯಿತಿಯು ಬೇಲಿ ಇಲ್ಲದ ಗದ್ದೆಯಂತೆ.

ಉಪಗ್ರಹ ನೋಡುತ್ತದೆ ಎಂಬ ಸಮಾಧಾನ

ಈ ಮಾತೆತ್ತಿದೊಡನೆ ಕಚೇರಿಗಳಿಂದ ಬರುವ ಸಿದ್ಧ ಉತ್ತರವೊಂದಿದೆ: “ಎಲ್ಲವನ್ನೂ ಉಪಗ್ರಹ ನೋಡುತ್ತಿದೆ.” ಕನ್ನಡ ನಾಡಿಗೆ ಉಪಗ್ರಹದ ಬಗ್ಗೆ ಅಭಿಮಾನವಿರುವುದು ಸಹಜ. ರಾಜಾಜಿನಗರದ ಮಗ್ಗುಲಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ರೂಪುಗೊಂಡ ಆರ್ಯಭಟ 1975ರಲ್ಲಿ ಆಕಾಶಕ್ಕೇರಿತು. 1979ರಲ್ಲಿ ಭೂಮಿಯನ್ನು ನೋಡುವ ಮೊದಲ ಪ್ರಾಯೋಗಿಕ ಉಪಗ್ರಹ ಭಾಸ್ಕರ ಹೋಯಿತು. ಅದರ ಕ್ಯಾಮೆರಾಗಳಿಗೆ ಕಾಣುತ್ತಿದ್ದ ಅತಿ ಚಿಕ್ಕ ನೆಲದ ತುಣುಕು ಸುಮಾರು ಒಂದು ಕಿಲೋಮೀಟರ್. 1988ರ ಐಆರ್‌ಎಸ್-1ಎ ಅದನ್ನು 72.5 ಮೀಟರಿಗೂ ಅದಕ್ಕಿಂತ ಸೂಕ್ಷ್ಮಕ್ಕೂ ಇಳಿಸಿತು. ಇದು ಹೆಮ್ಮೆಯ ಸಾಧನೆ. ಆದರೆ ಯಾವ ಕಣ್ಣು ಯಾವುದನ್ನು ನೋಡಲು ತಕ್ಕುದು ಎಂಬ ವಿವೇಕವೂ ಬೇಕು.

ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶವನ್ನು ಗುರುತಿಸಲು ಕಸ್ತೂರಿರಂಗನ್ ಸಮಿತಿ 2013ರ ತನ್ನ ವರದಿಯಲ್ಲಿ ಬಳಸಿದ್ದು ಸುಮಾರು 24 ಮೀಟರ್ ಸೂಕ್ಷ್ಮತೆಯ ಉಪಗ್ರಹ ಚಿತ್ರಗಳನ್ನು. ಆ ಚಿತ್ರದ ಒಂದೊಂದು ಚುಕ್ಕಿಯೂ 24 ಮೀಟರ್ ಉದ್ದಗಲದ ನೆಲ. ಆರು ಮೀಟರಿನ ರಸ್ತೆ ಅಂಥ ಚುಕ್ಕಿಯ ಕಾಲುಭಾಗ. ಉಳಿದ ಮುಕ್ಕಾಲು ಭಾಗದ ಹಸಿರಿನಲ್ಲಿ ಅದು ಕರಗಿಹೋಗುತ್ತದೆ. ಅಡಿಕೆ, ಕಾಫಿ ತೋಟಗಳೂ ಕಾಡಿನ ಲೆಕ್ಕಕ್ಕೆ ಸೇರಿವೆ ಎಂಬ ದೂರು ಆಗ ಮಲೆನಾಡಿನ ಊರೂರಲ್ಲೂ ಕೇಳಿಬಂತು. ತೋಟಕ್ಕೂ ಕಾಡಿಗೂ ನಡುವಿನ ಅಂತರ ಕಾಣದ ಕಣ್ಣಿಗೆ ರಸ್ತೆಯ ಅಂಚಿನ ಎರಡು ಮೀಟರ್ ಕಾಣುವುದೆಂದು ನಂಬುವುದು ಹೇಗೆ? 2015ರಿಂದ ಯೂರೋಪಿನ ಸೆಂಟಿನೆಲ್-2 ಉಪಗ್ರಹಗಳು 10 ಮೀಟರ್ ಸೂಕ್ಷ್ಮತೆಯ ಚಿತ್ರಗಳನ್ನು ಎಲ್ಲರಿಗೂ ಉಚಿತವಾಗಿ ನೀಡುತ್ತಿವೆ. ಹೊಸ ರಸ್ತೆ ಹುಟ್ಟಿತು ಎಂಬುದನ್ನು ಅವು ತಿಳಿಸಬಲ್ಲವು. ಅದು ಐದು ಮೀಟರೋ ಎಂಟು ಮೀಟರೋ ಎಂದು ಹೇಳಲಾರವು. ಒಂದು ಮೀಟರಿಗಿಂತ ಸೂಕ್ಷ್ಮವಾಗಿ ನೋಡುವ ಉಪಗ್ರಹಗಳಿಲ್ಲವೆಂದಲ್ಲ. ಅವುಗಳ ಚಿತ್ರ ಬೇಕಾದ ವಾರದಲ್ಲಿ, ಬೇಕಾದ ಗುಡ್ಡದ್ದು, ಬಡ ಪಂಚಾಯಿತಿಯ ಕೈಗೆ ಸಿಗುವುದಿಲ್ಲ. ಅಲ್ಲದೆ ಧರೆ ಕುಸಿಯುವ ಆಷಾಢ ಶ್ರಾವಣಗಳಲ್ಲಿ ಘಟ್ಟದ ಮೇಲೆ ಮೋಡ ಮುಸುಕಿರುತ್ತದೆ. ಮೋಡದ ಮೇಲಿರುವ ಕ್ಯಾಮೆರಾಕ್ಕೆ ಕಾಣುವುದು ಮೋಡವೇ.

ಕಾನೂನು ಕೂಡ ಉಪಗ್ರಹಕ್ಕೆ ಅಂತಿಮ ಮಾತಿನ ಅಧಿಕಾರ ಕೊಟ್ಟಿಲ್ಲ. ಹಕ್ಕಿನ ಅರ್ಜಿಗಳ ವಿಚಾರಣೆಯಲ್ಲಿ ಉಪಗ್ರಹ ಚಿತ್ರವು ಇತರ ಸಾಕ್ಷ್ಯಗಳಿಗೆ ಪೂರಕವಾಗಬಹುದು, ಅವುಗಳ ಜಾಗವನ್ನು ಆಕ್ರಮಿಸುವಂತಿಲ್ಲ ಎಂದು ಅರಣ್ಯ ಹಕ್ಕು ನಿಯಮಗಳಿಗೆ 2012ರಲ್ಲಿ ಬಂದ ತಿದ್ದುಪಡಿ ಹೇಳುತ್ತದೆ.

ಗಾಳಿಪಟದ ಕಣ್ಣು

ಗಾಳಿಪಟಕ್ಕೆ ಕ್ಯಾಮೆರಾ ಕಟ್ಟುವುದು ಹೊಸ ವಿದ್ಯೆಯೇನಲ್ಲ. ಫ್ರಾನ್ಸಿನ ಆರ್ಥರ್ ಬತೂ 1888ರಲ್ಲಿಯೇ ಗಾಳಿಪಟದಿಂದ ತನ್ನೂರಿನ ಚಿತ್ರ ತೆಗೆದಿದ್ದ. 2010ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ತೈಲಬಾವಿ ಸಿಡಿದು ಎಣ್ಣೆ ಕಡಲಿಗೆ ಹರಿದಾಗ, ಅಮೆರಿಕದ ಲೂಸಿಯಾನಾ ತೀರದ ಜನ ಬಲೂನು ಮತ್ತು ಗಾಳಿಪಟಗಳಿಗೆ ಸಾಧಾರಣ ಕ್ಯಾಮೆರಾ ಕಟ್ಟಿ ದಡದ ಹಾನಿಯನ್ನು ತಾವೇ ದಾಖಲಿಸಿದರು. ಕಂಪನಿಯೂ ಸರಕಾರವೂ ಕೊಟ್ಟ ಚಿತ್ರಗಳ ಹೊರತಾಗಿ ಜನರದೇ ಆದ ಚಿತ್ರಗಳು ಉಳಿದದ್ದು ಹೀಗೆ.

ವಿಧಾನ ಸರಳ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ, ಕೆಲವು ಸೆಕೆಂಡಿಗೊಂದು ಚಿತ್ರ ತಾನೇ ತೆಗೆಯುವಂತೆ ಹೊಂದಿಸಿದ ಮೊಬೈಲನ್ನು ನೆಲ ನೋಡುವಂತೆ ಅದರೊಳಗೆ ಭದ್ರಪಡಿಸಬೇಕು. ಪಟ ಗಾಳಿಯಲ್ಲಿ ಸ್ಥಿರವಾಗಿ ನಿಂತ ಮೇಲೆ ದಾರದ ನಡುವೆ ಬಾಟಲಿಯನ್ನು ತೂಗಿಬಿಟ್ಟು ಮತ್ತೆ ದಾರ ಬಿಡಬೇಕು. 60 ಮೀಟರ್ ಎತ್ತರದಿಂದ ಸಾಧಾರಣ ಮೊಬೈಲಿನ ಒಂದು ಚಿತ್ರದಲ್ಲಿ ಸುಮಾರು 80 ಮೀಟರ್ ಅಗಲದ ನೆಲ ಅಡಕವಾಗುತ್ತದೆ. ಚಿತ್ರದ ಅಡ್ಡಗಲಕ್ಕೆ 4,000 ಚುಕ್ಕಿಗಳಿದ್ದರೆ ಒಂದು ಚುಕ್ಕಿಗೆ ಎರಡು ಸೆಂಟಿಮೀಟರ್ ನೆಲ. ಉಪಗ್ರಹದ ಒಂದು ಚುಕ್ಕಿಯಲ್ಲಿ ಕರಗಿದ್ದ ಆರು ಮೀಟರ್ ರಸ್ತೆ ಇಲ್ಲಿ ಮುನ್ನೂರು ಚುಕ್ಕಿಗಳಲ್ಲಿ ಹರಡಿಕೊಳ್ಳುತ್ತದೆ.

ಚಿತ್ರವನ್ನು ಅಳತೆಯಾಗಿಸುವುದು ನೆಲದ ಮೇಲಿನ ಗುರುತು. ಬಿಡಿಸಿದ ಬಿಳಿ ಗೊಬ್ಬರದ ಚೀಲಗಳೆರಡನ್ನು ಟೇಪಿನಲ್ಲಿ ಅಳೆದು 20 ಮೀಟರ್ ಅಂತರದಲ್ಲಿ ರಸ್ತೆಯ ಮೇಲೆ ಹಾಸಿದರೆ ಚಿತ್ರದ ಪ್ರಮಾಣ ಸಿಕ್ಕಿತು. ಗುಡ್ಡದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಎತ್ತರದಲ್ಲಿರುವುದು ಕ್ಯಾಮೆರಾಕ್ಕೆ ಹತ್ತಿರವಾದ್ದರಿಂದ ದೊಡ್ಡದಾಗಿ ಕಾಣುತ್ತದೆ. ಕ್ಯಾಮೆರಾ ರಸ್ತೆಯಿಂದ 60 ಮೀಟರ್ ಮೇಲಿದ್ದು ಧರೆಯ ತುದಿ ರಸ್ತೆಗಿಂತ ಐದು ಮೀಟರ್ ಎತ್ತರದಲ್ಲಿದ್ದರೆ ಅಲ್ಲಿನ ಅಳತೆ ಶೇಕಡಾ 9ರಷ್ಟು ಉಬ್ಬುತ್ತದೆ. ಆದ್ದರಿಂದ ಧರೆಯ ತುದಿಯಲ್ಲೂ ಗುರುತು ಹಾಸಬೇಕು. ಒಂದರ ಮೇಲೊಂದು ಅರ್ಧಕ್ಕಿಂತ ಹೆಚ್ಚು ಹೊಂದಿಕೊಳ್ಳುವಂತೆ ಚಿತ್ರಗಳನ್ನು ತೆಗೆದರೆ ಓಪನ್‌ಡ್ರೋನ್‌ಮ್ಯಾಪ್‌ನಂಥ ಉಚಿತ ತಂತ್ರಾಂಶ ಅವುಗಳನ್ನು ಬೆಸೆದು ಏರುತಗ್ಗಿನ ದೋಷವನ್ನು ತಿದ್ದಿಕೊಡುತ್ತದೆ. ಕ್ಯೂಜಿಐಎಸ್ ಎಂಬ ಇನ್ನೊಂದು ಉಚಿತ ತಂತ್ರಾಂಶದಲ್ಲಿ ಅಗಲ, ವಿಸ್ತೀರ್ಣಗಳನ್ನು ಅಳೆಯಬಹುದು.

ಗಾಳಿಪಟಕ್ಕೂ ಮಿತಿಗಳಿವೆ. ನಿತ್ಯಹರಿದ್ವರ್ಣದ ಕಾಡಿನಲ್ಲಿ ಮರಗಳ ಚಪ್ಪರದಡಿಯ ಕಿರುದಾರಿ ಮೇಲಿನಿಂದ ಕಾಣುವುದಿಲ್ಲ. ಚಪ್ಪರ ಎಲ್ಲಿ ಹರಿದಿದೆ, ಹರಕು ಎಷ್ಟು ಅಗಲವಿದೆ ಎಂಬುದಷ್ಟೇ ಚಿತ್ರಕ್ಕೆ ಸಿಗುತ್ತದೆ. ಉಳಿದದ್ದನ್ನು ಐವತ್ತು ಮೀಟರಿಗೊಮ್ಮೆ ಟೇಪು ಹಿಡಿದೇ ಅಳೆಯಬೇಕು. ಆದರೂ ಒಂದು ಸತ್ಯ ಇದರಲ್ಲೇ ಅಡಗಿದೆ. ಎರಡು ಬದಿಯ ಮರಗಳ ಕೊಂಬೆ ಮೇಲೆ ಕೂಡಿಕೊಂಡಿರುವ ದಾರಿ ಕಾಡನ್ನು ಇಬ್ಭಾಗಿಸಿಲ್ಲ. ಅಳಿಲೂ ಮಂಗವೂ ನೆಲಕ್ಕಿಳಿಯದೆ ದಾಟುತ್ತವೆ. ಆಕಾಶದಿಂದ ಕಾಣುವಷ್ಟು ಅಗಲವಾದಾಗ ಆ ಸೇತುವೆ ಮುರಿದಿರುತ್ತದೆ, ಬಿಸಿಲು ನೆಲಕ್ಕೆ ಬಿದ್ದು ಕಮ್ಯುನಿಸ್ಟ್ ಕಳೆಯೂ ಲಂಟಾನವೂ ಅಂಚಿಗೆ ಬಂದಿರುತ್ತವೆ.

ಪಶ್ಚಿಮ ಬೆಂಗಳೂರಿನಲ್ಲಿ ಒಂದು ಪಾಠಶಾಲೆ

ಇದನ್ನು ಕಲಿಯುವವರು ಯಾರು, ಎಲ್ಲಿ ಕಲಿಯಬೇಕು? ಮಲೆನಾಡಿನ ಮಕ್ಕಳು ಇಂದು ದೊಡ್ಡ ಸಂಖ್ಯೆಯಲ್ಲಿರುವುದು ಬೆಂಗಳೂರಿನಲ್ಲಿ. ರಾಜಾಜಿನಗರ, ಬಸವೇಶ್ವರನಗರಗಳ ಬಾಡಿಗೆ ಕೋಣೆಗಳಲ್ಲಿ, ಕೆಂಗೇರಿ ಸುತ್ತಲಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ, ಜ್ಞಾನಭಾರತಿಯ ಹಾಸ್ಟೆಲುಗಳಲ್ಲಿ ಅವರಿದ್ದಾರೆ. ವಿಜಯನಗರದ ತರಬೇತಿ ಕೇಂದ್ರಗಳಲ್ಲಿ ಆಡಳಿತ ಸೇವೆಯ ಪರೀಕ್ಷೆಗೆ ಓದುತ್ತಿರುವವರೂ ಅವರಲ್ಲಿದ್ದಾರೆ. ನಾಳೆ ತಹಶೀಲ್ದಾರರಾಗಿ, ಉಪವಿಭಾಗಾಧಿಕಾರಿಗಳಾಗಿ ಇಂಥದೇ ರಸ್ತೆಯ ಕಡತಕ್ಕೆ ಸಹಿ ಹಾಕುವವರು ಅವರು. ಭಾನುವಾರ ಊರಿನ ನೆನಪಿನಲ್ಲಿ ಮಳೆಯ ಚಿತ್ರಗಳನ್ನು ಹಂಚಿಕೊಳ್ಳುವ ಈ ತರುಣರಿಗೆ ಊರಿಗೆ ನಿಜವಾಗಿ ಉಪಯೋಗವಾಗುವ ವಿದ್ಯೆಯೊಂದು ಅವರ ಕೋಣೆಯಿಂದ ಒಂದು ಬಸ್ಸಿನ ದೂರದಲ್ಲಿದೆ.

ಕೆಂಗೇರಿಗೂ ಕನಕಪುರ ರಸ್ತೆಗೂ ನಡುವೆ, ನೈಸ್ ರಸ್ತೆಗೆ ಸಮೀಪ ತುರಹಳ್ಳಿ ಅರಣ್ಯವಿದೆ. ಸುಮಾರು 590 ಎಕರೆಯ ಬಂಡೆಗುಡ್ಡ, ಕುರುಚಲು ಕಾಡು. 2021ರಲ್ಲಿ ಅಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆ ಬಂದಾಗ ನಾಗರಿಕರು ಬೀದಿಗಿಳಿದು ವಿರೋಧಿಸಿದರು, ಯೋಜನೆಯನ್ನು ಕೈಬಿಡಲಾಯಿತು. ಉದ್ಯಾನವೇನೋ ನಿಂತಿತು. ಆದರೆ ಕಾಡುದಾರಿ ಅಗಲವಾಗಲು ಯಾವ ಯೋಜನೆಯೂ ಬೇಕಾಗಿಲ್ಲ. ಮಳೆನೀರು ದಾರಿಯ ನಡುವೆ ಕೊರಕಲು ಮಾಡುತ್ತದೆ. ನಡೆಯುವವರೂ ಸೈಕಲ್ ಸವಾರರೂ ಕೊರಕಲನ್ನು ತಪ್ಪಿಸಿ ಪಕ್ಕದ ಹುಲ್ಲಿನ ಮೇಲೆ ಹಾಯುತ್ತಾರೆ. ಹುಲ್ಲು ಸತ್ತು ಅಲ್ಲೂ ಕೊರಕಲು ಬೀಳುತ್ತದೆ. ಯಾರೊಬ್ಬರ ದುರುದ್ದೇಶವೂ ಇಲ್ಲದೆ ಎರಡಡಿಯ ಕಾಲುದಾರಿ ಹತ್ತಡಿಯಾಗುವುದು ಹೀಗೆ. ಇಲ್ಲಿ ಮರಗಳ ಚಪ್ಪರ ವಿರಳ, ಬಂಡೆಯ ನೆತ್ತಿಯಲ್ಲಿ ಗಾಳಿಯೂ ಧಾರಾಳ. ಅರಣ್ಯ ಇಲಾಖೆಯ ಅನುಮತಿ ಪಡೆದು ಇಂಥ ಕಡೆ ವರ್ಷಕ್ಕೆರಡು ಬಾರಿ ಒಂದೇ ದಾರಿಯ ಚಿತ್ರ ತೆಗೆದು ಅಳೆದವರಿಗೆ ಘಟ್ಟದ ರಸ್ತೆಯನ್ನು ಅಳೆಯುವ ಅರ್ಧ ವಿದ್ಯೆ ಬಂದಂತೆ.

ಜ್ಞಾನಭಾರತಿಯ ವಿಸ್ತಾರವಾದ ಹಸಿರು ಆವರಣ ಇನ್ನೊಂದು ಪಾಠ ಹೇಳುತ್ತದೆ. ವಿಶ್ವವಿದ್ಯಾಲಯದೊಳಗಿನ ಓಡಾಟಕ್ಕಿದ್ದ ದಾರಿಗಳು ನಗರ ಬೆಳೆದಂತೆ ಮೈಸೂರು ರಸ್ತೆಯಿಂದ ನಾಗರಬಾವಿ, ಉಲ್ಲಾಳುಗಳ ಕಡೆಗೆ ಹೋಗುವವರ ಹತ್ತಿರದ ಹಾದಿಗಳಾದವು. 2022ರ ಅಕ್ಟೋಬರಿನಲ್ಲಿ ವಿದ್ಯಾರ್ಥಿನಿಯೊಬ್ಬಳು ಬಸ್ಸಿಗೆ ಸಿಲುಕಿದ ಮೇಲೆ, ಹೊರಗಿನ ವಾಹನಗಳನ್ನು ನಿಲ್ಲಿಸಬೇಕೆಂದು ವಿದ್ಯಾರ್ಥಿಗಳು ಹೋರಾಟಕ್ಕಿಳಿಯಬೇಕಾಯಿತು. ಹಸಿರಿನ ನಡುವೆ ತೆರೆದ ದಾರಿ ಯಾರಿಗಾಗಿ ತೆರೆಯಿತೋ ಅವರಿಗಷ್ಟೇ ಉಳಿಯುವುದಿಲ್ಲ. ಘಟ್ಟದ ಜೀಪು ದಾರಿಗಳ ಕಥೆಯೂ ಇದೇ.

ಅಳತೆಯೊಂದು ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೂ ಸಾಕ್ಷಿ ಈ ನಗರದಲ್ಲೇ ಇದೆ. 2016ರಲ್ಲಿ ಬೆಂಗಳೂರಿನ ರಾಜಕಾಲುವೆಗಳ ಒತ್ತುವರಿ ತೆರವು ನಡೆದಾಗ, ಕಾಲುವೆ ಎಲ್ಲಿತ್ತು, ಎಷ್ಟು ಅಗಲವಿತ್ತು ಎಂಬುದಕ್ಕೆ ಅಧಿಕಾರಿಗಳು ಆಧಾರವಾಗಿ ಹಿಡಿದದ್ದು ಹಳೆಯ ಗ್ರಾಮ ನಕ್ಷೆಗಳನ್ನು. ಸರಪಳಿ ಎಳೆದು ಅಳೆದವರು ಎಂದೋ ಗತಿಸಿದ್ದರು. ಅವರ ಗೆರೆ ಮಾತ್ರ ಕಟ್ಟಡಗಳ ಎದುರು ನಿಂತು ಸಾಕ್ಷಿ ಹೇಳಿತು. ಘಟ್ಟದ ಕಾಡುರಸ್ತೆಗಳ ಪಕ್ಕದ ಇಳಿಜಾರಿಗೆ ಅಂಥ ಗೆರೆಯೊಂದನ್ನು ಎಳೆದಿಡುವವರು ಬೇಕಾಗಿದ್ದಾರೆ.

ಮೂರು ಆಕ್ಷೇಪಗಳು

ಮೊದಲನೆಯದು ಕಾನೂನಿನ ಆಕ್ಷೇಪ. ಆಕಾಶಕ್ಕೆ ಕ್ಯಾಮೆರಾ ಹಾರಿಸುವುದು ಅಪರಾಧವಲ್ಲವೆ? 2014ರಲ್ಲಿ ವಿಮಾನಯಾನ ನಿರ್ದೇಶನಾಲಯವು ನಾಗರಿಕರ ಡ್ರೋನ್ ಬಳಕೆಯನ್ನು ತಡೆದಿದ್ದ ಕಾಲವೊಂದಿತ್ತು. 2021ರ ಆಗಸ್ಟಿನ ಡ್ರೋನ್ ನಿಯಮಗಳು ಆ ಬಿಗಿಯನ್ನು ಸಡಿಲಿಸಿ, 250 ಗ್ರಾಂ ಮೀರದ ಡ್ರೋನುಗಳಿಗೆ ಚಾಲಕ ಪರವಾನಗಿ ಬೇಡವೆಂದವು; ಅದೇ ವರ್ಷದ ಫೆಬ್ರವರಿಯ ಮಾರ್ಗಸೂಚಿ ಭಾರತೀಯರು ನಕ್ಷೆ ತಯಾರಿಸುವುದರ ಮೇಲಿನ ಹಲವು ನಿರ್ಬಂಧಗಳನ್ನು ತೆಗೆಯಿತು. ಹಾಗೆಂದು ಎಲ್ಲಿ ಬೇಕಾದರೂ ಹಾರಿಸುವಂತಿಲ್ಲ. 1934ರ ವಿಮಾನ ಕಾಯಿದೆಯು ಗಾಳಿಪಟವನ್ನೂ ತನ್ನ ವ್ಯಾಖ್ಯೆಯೊಳಗೆ ಸೇರಿಸಿಕೊಂಡಿತ್ತು ಎಂಬುದನ್ನು ನೆನಪಿಡಬೇಕು. ವಿಮಾನ ನಿಲ್ದಾಣ, ಸೇನಾನೆಲೆಗಳ ಬಳಿ ಸಲ್ಲದು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಅನುಮತಿಯಿಲ್ಲದೆ ಕಾಲಿಡುವುದೇ ಸಲ್ಲದು. ಗಾಜು ಹಚ್ಚಿದ ಮಾಂಜಾ, ನೈಲಾನ್ ದಾರಗಳು ಎಲ್ಲಿಯೂ ಸಲ್ಲವು. ರೆಕ್ಕೆ ಕುಯ್ದುಕೊಂಡ ಹದ್ದುಗಳು ಕೆಂಗೇರಿಯ ವನ್ಯಜೀವಿ ಆಸ್ಪತ್ರೆ ಸೇರುವುದು ಅಂಥ ದಾರಗಳಿಂದಲೇ. ಕಾಡು ಉಳಿಸಲು ಹೊರಟವರು ಹಕ್ಕಿಯ ರೆಕ್ಕೆ ಕತ್ತರಿಸುವುದು ಬೇಡ.

ಎರಡನೆಯದು ಊರಿನ ಆಕ್ಷೇಪ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. “ಬಸುರಿಯನ್ನು ಜೋಲಿಯಲ್ಲಿ ಹೊತ್ತು ನಾಲ್ಕು ಮೈಲಿ ನಡೆಯುವವರು ನಾವು. ನಮಗೆ ಬರುವ ಒಂದು ರಸ್ತೆಗೂ ಕೊಕ್ಕೆ ಹಾಕಲು ಈ ಪಟವೆ?” ಎಂದು ಕೇಳುವವರ ಕೋಪ ನ್ಯಾಯವಾದದ್ದು. ಗುಡ್ಡದ ಊರಿಗೆ ರಸ್ತೆ ಬೇಕು. ಆದರೆ ಆ ಊರಿಗೆ ಬೇಕಾದದ್ದು ಆಂಬುಲೆನ್ಸ್, ಶಾಲೆಯ ವ್ಯಾನು, ಅಡಿಕೆ ಮೂಟೆ ಸಾಗಿಸುವ ಪಿಕಪ್ ಹೋಗುವಷ್ಟು ಅಗಲದ, ಮಳೆಗಾಲದಲ್ಲೂ ನಿಲ್ಲುವ ರಸ್ತೆ. ಕಡಿದ ಧರೆ ಮೊದಲ ಮಳೆಗೇ ರಸ್ತೆಯ ಮೇಲೆ ಬಿದ್ದರೆ ಬಸುರಿ ಮತ್ತೆ ಜೋಲಿಗೇ ಏರಬೇಕು. ಕೆಳಗೆ ನೂಕಿದ ಮಣ್ಣು ಹಳ್ಳಕ್ಕಿಳಿದು ತೋಟದ ಕಪ್ಪುಗಳಲ್ಲಿ ತುಂಬಿದರೆ ನೀರು ನಿಂತು ಅಡಿಕೆ ಮರದ ಬೇರು ಕೊಳೆಯುತ್ತದೆ. ಆ ನಷ್ಟ ಗುತ್ತಿಗೆದಾರನದಲ್ಲ, ಊರಿನದು. ಅಳತೆಯು ಸಣ್ಣ ರಸ್ತೆಗೆ ರಕ್ಷಣೆ. ಒಂದು ಹೆಕ್ಟೇರಿನೊಳಗೇ ಕೆಲಸ ಮುಗಿಸಿದ ಊರು ತನ್ನ ಚಿತ್ರವನ್ನು ತೋರಿಸಿ ಇಲಾಖೆಯ ತಕರಾರನ್ನು ಎದುರಿಸಬಲ್ಲದು. ವಿದ್ಯುತ್ ಮಾರ್ಗ, ಕೊಳವೆ ಮಾರ್ಗಗಳ ಹೆಸರಿನಲ್ಲಿ ಎರಡರಷ್ಟು ಅಗಲಕ್ಕೆ ಕಾಡು ಸವರಿದವರ ಚಿತ್ರವನ್ನು ಅದರ ಪಕ್ಕದಲ್ಲೇ ಇಡಬಲ್ಲದು.

ಇದೇ ಆಕ್ಷೇಪದ ಒಳಗೆ ಬಾಯಿಬಿಟ್ಟು ಹೇಳದ ಭಯವೊಂದಿದೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ರಸ್ತೆಯೊಂದೇ ಕಾಣುವುದಿಲ್ಲ. ಬೆಟ್ಟಕ್ಕೆ ಸರಿದ ಬೇಲಿ, ಹೊಸದಾಗಿ ನೆಟ್ಟ ಅಡಿಕೆ ಸಸಿ, ಹಕ್ಕುಪತ್ರವಿಲ್ಲದ ಗದ್ದೆಯೂ ಕಾಣುತ್ತವೆ. ಆ ಚಿತ್ರ ಇಲಾಖೆಯ ಮೇಜಿಗೆ ಹೋದರೆ ಮೊದಲು ನೋಟಿಸು ಬರುವುದು ಬಡವನ ಮನೆಗೆ. ಈ ಭಯ ಸುಳ್ಳಲ್ಲ. ಆದುದರಿಂದ ಚಿತ್ರ ಯಾರ ವಶದಲ್ಲಿರಬೇಕು ಎಂಬುದನ್ನು ಪಟ ಹಾರಿಸುವ ಮೊದಲೇ ತೀರ್ಮಾನಿಸಬೇಕು. ಗ್ರಾಮಸಭೆ ನೇಮಿಸಿದ ಅರಣ್ಯ ಹಕ್ಕು ಸಮಿತಿಯ ವಶದಲ್ಲಿ ಅದಿರಲಿ. ರಸ್ತೆಯ ಎರಡು ಬದಿಗಳನ್ನು ಬಿಟ್ಟು ಉಳಿದ ಭಾಗವನ್ನು ಕತ್ತರಿಸಿ ತೆಗೆದ ಮೇಲೆಯೇ ಹೊರಗೆ ಹೋಗಲಿ. ಮನೆಯಂಗಳದ ಮೇಲೆ ಪಟ ಹಾಯದಿರಲಿ. ಇಷ್ಟಾದರೂ ಮುಜುಗರ ಪೂರ್ತಿ ತಪ್ಪದು. ತನ್ನ ಬೇಲಿಯನ್ನು ತಾನೇ ನೋಡಲು ಹೆದರುವ ಊರು ಗುತ್ತಿಗೆದಾರನ ಧರೆಯನ್ನು ಪ್ರಶ್ನಿಸುವಾಗ ದನಿ ನಡುಗುತ್ತದೆ ಎಂಬುದನ್ನು ಒಪ್ಪಿಕೊಳ್ಳುವುದೇ ಮರ್ಯಾದೆ.

ಮೂರನೆಯ ಆಕ್ಷೇಪ ಚಳವಳಿಯ ಒಳಗಿನದು. ಪಶ್ಚಿಮ ಘಟ್ಟದಂಥ ಪುಣ್ಯಭೂಮಿಯನ್ನು ಮೀಟರು, ಹೆಕ್ಟೇರುಗಳಲ್ಲಿ ಅಳೆಯುವುದು ಅಧಿಕಾರಿಗಳ ಭಾಷೆಗೆ ಶರಣಾದಂತೆ ಎಂದು ವಾದಿಸುವ ಹಿರಿಯರಿದ್ದಾರೆ. ಅವರ ಕಾಡಿನ ಪ್ರೀತಿ ದೊಡ್ಡದು. ಆದರೆ ಮನವಿಪತ್ರಗಳಲ್ಲಿ “ಅಪಾರ ಹಾನಿ”, “ಭೀಕರ ನಾಶ”, “ಅಸಂಖ್ಯ ಮರಗಳು” ಎಂಬ ಮಾತುಗಳು ಇಷ್ಟು ವರ್ಷ ಬರೆದು ಬರೆದು ಸವೆದಿವೆ. ಅಪಾರ ಎಂದರೆ ಎಷ್ಟು ಎಂದು ನ್ಯಾಯಾಲಯ ಕೇಳಿದಾಗ ಉತ್ತರ ಬೇಕು. ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರಲ್ಲಿ ಅತಿ ಸೂಕ್ಷ್ಮ ವಲಯದ ದೊಡ್ಡ ರಸ್ತೆಗಳ ಬಗ್ಗೆ ಶಿಫಾರಸು ಮಾಡುವಾಗ, ತೀರಾ ಅನಿವಾರ್ಯವಾದ ಕಡೆಯೂ ಸಾಮಾಜಿಕ ಪರಿಶೋಧನೆ ಇರಬೇಕೆಂದಿತ್ತು. ಪರಿಶೋಧನೆಯೆಂದರೆ ಲೆಕ್ಕ ನೋಡುವುದು. ಲೆಕ್ಕ ನೋಡಲು ಅಂಕಿ ಬೇಕು. ಅಂಕಿ ಬೇಕಾದರೆ ಅಳೆಯಲೇಬೇಕು.

ಹೂತ ಮೇಲೆ ಬಂದ ಡ್ರೋನ್

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ, ಹೆದ್ದಾರಿಗಾಗಿ ಬುಡ ಕಡಿದಿದ್ದ ಗುಡ್ಡ ಭಾರಿ ಮಳೆಗೆ ಕುಸಿದು ಜನರನ್ನೂ ವಾಹನಗಳನ್ನೂ ಗಂಗಾವಳಿ ಹೊಳೆಗೆ ನೂಕಿತು. ಕಾಣೆಯಾದ ಲಾರಿಯನ್ನು ಹುಡುಕಲು ಆಗ ಡ್ರೋನ್ ಬಂತು, ರೇಡಾರ್ ಬಂತು, ನೌಕಾಪಡೆಯ ಮುಳುಗುಗಾರರು ಬಂದರು. ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ಇಷ್ಟೆಲ್ಲ ಕಣ್ಣುಗಳಲ್ಲಿ ಒಂದೇ ಒಂದು, ಗುಡ್ಡ ಕಡಿಯುವ ದಿನಗಳಲ್ಲಿ ಅದೇ ಇಳಿಜಾರಿನ ಮೇಲೆ ತಿಂಗಳಿಗೊಮ್ಮೆ ಹಾರಿ, ಧರೆ ಎಷ್ಟು ಕಡಿದಾಗುತ್ತಿದೆ ಎಂಬುದನ್ನು ಊರಿನ ಪಂಚಾಯಿತಿಯ ಗೋಡೆಗೆ ಅಂಟಿಸಿದ್ದರೆ? ಕುಸಿತ ನಿಲ್ಲುತ್ತಿತ್ತೆಂದು ಯಾರೂ ಪ್ರಮಾಣ ಮಾಡಲಾರರು. ಆದರೆ ಗುಡ್ಡದ ಕೆಳಗೆ ಚಹಾದಂಗಡಿ ನಡೆಸುವವರಿಗೂ ಅಲ್ಲಿ ಲಾರಿ ನಿಲ್ಲಿಸುವವರಿಗೂ ತಿಳಿದುಕೊಳ್ಳುವ ಹಕ್ಕಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದಕ್ಕೆ ಸಾಧನಗಳ ಕೊರತೆ ಎಂದೂ ಇಲ್ಲ.

ಮಲೆನಾಡಿನ ಗ್ರಾಮಸಭೆಗಳು ಇನ್ನು ಮುಂದೆ ರಸ್ತೆಯ ಶಿಫಾರಸಿಗೆ ಸಹಿ ಹಾಕುವ ಮುನ್ನ ಠರಾವಿನಲ್ಲಿ ಕೆಲವು ಮಾತುಗಳನ್ನು ಬರೆಸಲಿ. ರಸ್ತೆಯ ಉದ್ದದ ಜೊತೆಗೆ ಧರೆ ಮತ್ತು ಮಣ್ಣಿನ ಹರವು ಸೇರಿದ ಒಟ್ಟು ಅಗಲ ಇಂತಿಷ್ಟು ಮೀಟರ್ ಮೀರಬಾರದು. ಕಡಿದ ಮಣ್ಣು ಎಲ್ಲಿಗೆ ಹೋಗುತ್ತದೆ ಎಂಬುದು ಸರ್ವೆ ನಂಬರಿನ ಸಮೇತ ನಮೂದಾಗಬೇಕು. ಜೆಸಿಬಿ ಬರುವ ಮೊದಲು ಒಮ್ಮೆ, ಕೆಲಸ ಮುಗಿದ ಮೇಲೆ ಒಮ್ಮೆ, ಮೊದಲ ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ಊರವರ ಸಮ್ಮುಖದಲ್ಲಿ ಮೇಲಿನಿಂದ ಚಿತ್ರ ತೆಗೆದು ಅಳೆಯಬೇಕು. ಮೂರನೆಯ ಅಳತೆಯಾಗುವವರೆಗೆ ಗುತ್ತಿಗೆದಾರನ ಕೊನೆಯ ಕಂತು ಪಾವತಿಯಾಗಬಾರದು.

ಬೆಂಗಳೂರಿನ ಪಶ್ಚಿಮದ ಬಡಾವಣೆಗಳಲ್ಲಿ ಆಷಾಢದ ಗಾಳಿಗೆ ಪಟ ಹಾರಿಸುವ ರೂಢಿ ಇನ್ನೂ ಅಳಿದಿಲ್ಲ. ಮಲೆನಾಡಿನ ವಿದ್ಯಾರ್ಥಿಗಳು ಈ ಆಷಾಢದಲ್ಲಿ ಸೂತ್ರ ಕಟ್ಟುವುದನ್ನೂ ಬಾಲಂಗೋಚಿಯ ತೂಕವನ್ನೂ ಅಲ್ಲಿಯ ಹುಡುಗರಿಂದ ಕಲಿಯಲಿ. ಮಳೆ ಹಿಂದೆಗೆದು ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಊರಿಗೆ ಬರುವಾಗ ಚೀಲದಲ್ಲಿ ಪಟವೂ ಟೇಪೂ ಇರಲಿ. ಪ್ರತಿ ಊರೂ ಮೊದಲು ತನ್ನದೇ ರಸ್ತೆಯನ್ನು, ಒಂದೇ ಒಂದು ಕಿಲೋಮೀಟರ್, ಅಳೆಯಲಿ. ಆ ಅಗಲವನ್ನು ಪಂಚಾಯಿತಿಯ ಪುಸ್ತಕದಲ್ಲಿ ತಾರೀಖು ಹಾಕಿ ಬರೆಸಲಿ.